ಜೋಗುಳಬಾವಿಯ ನೀರು, ಯೆರವಡಾದ ಮಾವಿನ ಮರ

1932ರ ಸೆಪ್ಟೆಂಬರ್. ಪುಣೆಯ ಯೆರವಡಾ ಜೈಲಿನ ಅಂಗಳದಲ್ಲೊಂದು ಮಾವಿನ ಮರ, ಅದರ ನೆರಳಿನಲ್ಲಿ ಮಂಚ, ಮಂಚದ ಮೇಲೆ ಉಪವಾಸದಿಂದ ಸೊರಗಿದ ಗಾಂಧೀಜಿ. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟ ಬ್ರಿಟಿಷ್ ಸರ್ಕಾರದ ತೀರ್ಪನ್ನು ವಿರೋಧಿಸಿ ಅವರು 20ನೇ ತಾರೀಖಿನಿಂದ ಅನ್ನ ಬಿಟ್ಟಿದ್ದರು. ಮಾತುಕತೆಗೆ ಡಾ. ಬಿ.ಆರ್. ಅಂಬೇಡ್ಕರ್ ಜೈಲಿಗೇ ಬರಬೇಕಾಯಿತು. 24ರಂದು ಒಪ್ಪಂದಕ್ಕೆ ಸಹಿ ಬಿತ್ತು. ಪ್ರತ್ಯೇಕ ಮತಕ್ಷೇತ್ರ ಹೋಗಿ, ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಒಬ್ಬರ ಪ್ರಾಣವನ್ನು ತಕ್ಕಡಿಯಲ್ಲಿಟ್ಟು ನಡೆದ ಆ ಚೌಕಾಸಿಯ ಬಗ್ಗೆ ಅಂಬೇಡ್ಕರ್ ಅವರಿಗೆ ಕೊನೆಯವರೆಗೂ ಸಮಾಧಾನವಿರಲಿಲ್ಲ, ಮುಂದೆ ಅದನ್ನು ಬರೆದೂ ಇಟ್ಟರು.

ಪುಣೆ ಒಪ್ಪಂದ ಎಂದರೆ ನಮ್ಮ ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಮರುದಿನ ಮುಂಬಯಿಯಲ್ಲಿ ಮದನ ಮೋಹನ ಮಾಳವೀಯರ ಅಧ್ಯಕ್ಷತೆಯಲ್ಲಿ ಹಿಂದೂ ಮುಖಂಡರ ಸಭೆ ಸೇರಿ ಒಂದು ನಿರ್ಣಯ ಮಾಡಿತು. ಹುಟ್ಟಿನ ಕಾರಣಕ್ಕೆ ಇನ್ನು ಮುಂದೆ ಯಾರನ್ನೂ ಅಸ್ಪೃಶ್ಯರೆಂದು ಕಾಣಕೂಡದು, ಇದುವರೆಗೆ ಹಾಗೆ ಕಂಡವರಿಗೆ ಉಳಿದವರಿಗಿರುವ ಹಕ್ಕುಗಳೆಲ್ಲ ಇರಬೇಕು ಎಂದು ಹೇಳಿ ಆ ನಿರ್ಣಯ ಹಕ್ಕುಗಳನ್ನು ಹೆಸರಿಸುತ್ತ ಹೋಯಿತು. ಮೊದಲ ಹೆಸರು ಸಾರ್ವಜನಿಕ ಬಾವಿ. ಶಾಲೆ, ರಸ್ತೆ ಆಮೇಲೆ ಬಂದವು.

ಬಾವಿಯೇ ಮೊದಲು ಬಂದದ್ದೇಕೆ? ಶಾಲೆಯಿಲ್ಲದೆ ಒಂದು ದಿನ ಕಳೆಯಬಹುದು, ನೀರಿಲ್ಲದೆ ಆಗದು ಎಂಬ ಉತ್ತರ ಸಿದ್ಧವಾಗಿದೆ, ನಿಜವೂ ಹೌದು. ಆದರೆ ಅದಕ್ಕಿಂತ ಆಳದ ಕಾರಣವೊಂದಿದೆ. ಈ ನೆಲದಲ್ಲಿ ಬಾವಿಯ ನೀರು ಬರಿಯ ನೀರಾಗಿರಲಿಲ್ಲ. ಅದು ಗಂಗಮ್ಮ. ಬಾಣಂತಿ ಮೊದಲ ಸಲ ಹೊರಗೆ ಬಂದಾಗ ಅರಿಸಿನ ಕುಂಕುಮವಿಟ್ಟು ಪೂಜಿಸುವುದು ಬಾವಿಕಟ್ಟೆಯನ್ನು. ಮೈಮೇಲಿನ ಕಜ್ಜಿ, ಬತ್ತದ ಹುಣ್ಣು, ಮಕ್ಕಳಾಗದ ಕೊರಗು, ತಲೆ ಕೆಟ್ಟ ಮಗನ ಚಿಂತೆ ಎಲ್ಲವನ್ನೂ ಹೊತ್ತು ಜನ ಹೋಗುವುದು ಯಾವುದೋ ಹೊಂಡಕ್ಕೆ, ಯಾವುದೋ ಒರತೆಗೆ. ಸಕಲ ದೋಷಗಳನ್ನೂ ಕಳೆಯುತ್ತದೆಂದು ನಂಬಿದ ಅದೇ ನೀರು, ಕೆಲವರ ಕೈ ತಾಗಿದರೆ ತಾನೇ ಕೆಡುತ್ತದೆ ಎಂದೂ ನಂಬಲಾಗಿತ್ತು. ಈ ಎರಡು ನಂಬಿಕೆಗಳು ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ, ಒಂದೇ ತಲೆಯಲ್ಲಿ ಜಗಳವಿಲ್ಲದೆ ಹೇಗೆ ಬದುಕಿದವು ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ.

ಈ ಪ್ರಶ್ನೆಯ ಬೆನ್ನು ಹತ್ತುವ ಒಂದು ದಾರಿ ಯೆರವಡಾದಿಂದಲೇ ಹೊರಡುತ್ತದೆ. ಯೆರವಡಾ ಎಂದರೆ ಪುಣೆಯವರಿಗೆ ಜೈಲು, ಮನೋರೋಗಿಗಳ ಆಸ್ಪತ್ರೆ, ನಗರ ರಸ್ತೆಯ ಆಗಾ ಖಾನ್ ಅರಮನೆ. ಮುಳಾ ಮುಠಾ ನದಿಯ ಈ ದಂಡೆಯ ವಸ್ತಿಗಳಲ್ಲಿ ಕಿವಿಗೊಟ್ಟರೆ ಕನ್ನಡವೂ ಕೇಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಪುಣೆಯ ಕಟ್ಟಡಗಳಿಗೆ ಕಲ್ಲು, ಇಟ್ಟಿಗೆ, ಕಾಂಕ್ರೀಟು ಹೊತ್ತವರ ಮನೆಗಳು ಅಲ್ಲಿವೆ. ಇಂಥ ಮನೆಗಳ ದೇವರ ಜಗಲಿಯಲ್ಲಿ ಹೆಚ್ಚಾಗಿ ಕಾಣುವವಳು ಸವದತ್ತಿಯ ಯಲ್ಲಮ್ಮ. ಅವಳ ಒಕ್ಕಲಿಗೆ ಭಾಷೆಯ ಗಡಿಯಿಲ್ಲ. ಕೊಲ್ಹಾಪುರ, ಸಾಂಗಲಿಗಳ ಮರಾಠಿ ಮನೆಗಳಿಂದಲೂ ವರ್ಷವರ್ಷ ಗಾಡಿ ತುಂಬಿ ಬೆಳಗಾವಿ ಜಿಲ್ಲೆಯ ಆ ಗುಡ್ಡಕ್ಕೆ ಹೋಗುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಗುಡ್ಡವೆಲ್ಲ ಭಂಡಾರದ ಹಳದಿ, ಚೌಡಿಕೆಯ ಸದ್ದು, ಉಧೋ ಉಧೋ ಎಂಬ ಕೂಗು.

ಗುಡ್ಡ ಹತ್ತುವ ಮುನ್ನ ಜನ ನಿಲ್ಲುವ ಜಾಗ ಜೋಗುಳಬಾವಿ. ಅಲ್ಲಿ ಮಿಂದೇ ಮುಂದೆ ಹೋಗಬೇಕೆಂಬುದು ಪದ್ಧತಿ. ಅದರ ಹಿಂದಿನ ಕತೆ ಉತ್ತರ ಕರ್ನಾಟಕದ ಮಕ್ಕಳಿಗೂ ಬಾಯಿಪಾಠ. ಯಲ್ಲಮ್ಮನೇ ಜಮದಗ್ನಿಯ ಹೆಂಡತಿ ರೇಣುಕೆ, ದಿನವೂ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ನೀರು ತರುತ್ತಿದ್ದವಳು. ಒಂದು ದಿನ ನೀರಾಟದಲ್ಲಿದ್ದ ಗಂಧರ್ವ ದಂಪತಿಯನ್ನು ಕಂಡು ಅವಳ ಮನಸ್ಸು ಒಂದು ಗಳಿಗೆ ಅಲುಗಿತು, ಮರಳಿನ ಕೊಡ ನಿಲ್ಲಲಿಲ್ಲ. ಗಂಡ ಶಪಿಸಿದ. ಮೈಗೆಲ್ಲ ಕುಷ್ಠ ಹತ್ತಿತು. ಊರಿಂದ, ಆಶ್ರಮದಿಂದ ಹೊರಬಿದ್ದು ಕಾಡು ಸೇರಿದ ಅವಳಿಗೆ ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಿದ್ಧರು ಸಿಕ್ಕರು. ಅವರು ಹೇಳಿದ ಬಾವಿಯಲ್ಲಿ ಮಿಂದಳು, ಜೋಗ ಬೇಡಿ ಉಂಡಳು, ಮೈ ಮೊದಲಿನಂತಾಯಿತು. ಶಾಪ ಹೋಯಿತೆಂದು ಮನೆಗೆ ಮರಳಿದರೆ ಗಂಡನ ಸಿಟ್ಟು ಇಳಿದಿರಲಿಲ್ಲ. ಮಗ ಪರಶುರಾಮನ ಕೊಡಲಿಗೆ ತಲೆ ಬಿತ್ತು. ಕತೆಯ ಕೆಲವು ಪಾಠಗಳಲ್ಲಿ ರೇಣುಕೆಗೆ ಆಸರೆ ಕೊಟ್ಟ ಮಾತಂಗಿಯ ತಲೆಯೂ ಬೀಳುತ್ತದೆ, ಮತ್ತೆ ಜೀವ ಬರುವಾಗ ಒಬ್ಬಳ ತಲೆ ಇನ್ನೊಬ್ಬಳ ಮುಂಡಕ್ಕೆ ಕೂಡುತ್ತದೆ. ಋಷಿಪತ್ನಿಯೂ ಕೇರಿಯ ಹೆಣ್ಣೂ ಒಂದೇ ಮೈಯಾಗಿ ದೇವಿಯಾಗುತ್ತಾರೆ. ಮಾತಂಗಿಯ ಗುಡಿ ಗುಡ್ಡದಲ್ಲಿ ಇಂದಿಗೂ ಇದೆ.

ಈ ಕತೆಯನ್ನು ನಿಧಾನವಾಗಿ ಕೇಳಿದವರಿಗೆ ಒಂದು ಹೊಳೆಯುತ್ತದೆ. ಬಾವಿ ಗುಣಪಡಿಸಿದ್ದು ಎಲ್ಲರೂ ಹೊರದಬ್ಬಿದ ಹೆಣ್ಣನ್ನು. ಅವಳನ್ನು ಮುಟ್ಟಲು ಯಾರೂ ಒಪ್ಪದಿದ್ದಾಗ ನೀರು ಒಪ್ಪಿತು. ತೀರ್ಥಗಳ ಮಹಿಮೆಯ ಕತೆಗಳನ್ನು ಎಲ್ಲೇ ಹೆಕ್ಕಿ, ಬಹುಪಾಲು ಹೀಗೇ ಇರುತ್ತವೆ. ಮಕ್ಕಾದ ಝಮ್‌ಝಮ್ ಬಾವಿ ಚಿಮ್ಮಿದ್ದು ಮರುಭೂಮಿಯಲ್ಲಿ ಕೂಸಿನೊಡನೆ ಒಂಟಿಯಾಗಿ ಉಳಿದ ಹಾಜಿರಾಳಿಗಾಗಿ. ಫ್ರಾನ್ಸಿನ ಲೂರ್ಡ್ಸ್‌ನಲ್ಲಿ 1858ರಲ್ಲಿ ಒರತೆಯನ್ನು ಬೆರಳಿಂದ ಬಗೆದು ತೆಗೆದವಳು ಬರ್ನಡೆಟ್ ಎಂಬ ಬಡ ಹಿಟ್ಟಿನ ಗಿರಣಿಯವನ ರೋಗಿಷ್ಠ ಮಗಳು. ಅಂದಿನ ರಾಸಾಯನಿಕ ಪರೀಕ್ಷೆಯಲ್ಲಿ ಆ ನೀರಿನಲ್ಲಿ ಔಷಧಿಯ ಗುಣವೇನೂ ಕಾಣಲಿಲ್ಲ. ಆದರೂ ಕೋಟ್ಯಂತರ ಜನ ಹೋಗುತ್ತಿದ್ದಾರೆ. ಚರ್ಚು ಪವಾಡವೆಂದು ಒಪ್ಪಿಕೊಂಡ ಪ್ರಕರಣಗಳು ಇದುವರೆಗೆ 70ರ ಆಸುಪಾಸು ಮಾತ್ರ. ಹೋದವರೆಲ್ಲ ಗುಣವಾಗಿ ಬರುವುದಿಲ್ಲವೆಂದು ಹೋಗುವವರಿಗೂ ಗೊತ್ತು. ಗಾಲಿಕುರ್ಚಿಯ ಮೇಲೆ ಬಂದವರನ್ನು ಸಾಲಿನ ಮುಂದಕ್ಕೆ ಬಿಡುವ ಊರು ಅದೊಂದಿದೆಯಲ್ಲ ಎಂಬ ಸಮಾಧಾನವೂ ಅವರನ್ನು ಅಲ್ಲಿಗೆ ಎಳೆಯುತ್ತದೆ ಎಂದು ನನಗನಿಸುತ್ತದೆ.

ಯೆರವಡಾದ ಆ ಉಪವಾಸಕ್ಕೆ ಮತ್ತೆ ಬರೋಣ. 26ರ ಸಂಜೆ ಗಾಂಧೀಜಿ ಹಣ್ಣಿನ ರಸ ಕುಡಿದು ಉಪವಾಸ ಮುಗಿಸಿದಾಗ ರವೀಂದ್ರನಾಥ ಠಾಕೂರರು ಹಾಡಿದ್ದು ಹಲವರಿಗೆ ಗೊತ್ತು. ಅಂದು ಸಂಸ್ಕೃತ ಮಂತ್ರ ಹೇಳಿದವರು ಪರಚುರೆ ಶಾಸ್ತ್ರಿ ಎಂಬ ಸಹಕೈದಿ. ಪಂಡಿತರು, ಕುಷ್ಠರೋಗ ತಗುಲಿದವರು, ಜೈಲಿನಲ್ಲೂ ಬೇರೆಯಾಗಿ ಇರಿಸಲ್ಪಟ್ಟವರು. ಮುಂದೆ 1939ರಲ್ಲಿ ಅವರು ಸೇವಾಗ್ರಾಮಕ್ಕೆ ಬಂದಾಗ ಗಾಂಧೀಜಿ ಅವರನ್ನು ಆಶ್ರಮದಲ್ಲಿ ಇರಿಸಿಕೊಂಡು ಸ್ವತಃ ಹುಣ್ಣು ತೊಳೆದು ಮೈ ತಿಕ್ಕಿದರು. ಜಾತಿಯಿಂದ ಮೇಲಿನವರಾದರೂ ರೋಗದಿಂದ ಅಸ್ಪೃಶ್ಯರಾದವರೊಬ್ಬರು, ಜಾತಿಯ ಅಸ್ಪೃಶ್ಯತೆ ಅಳಿಯಲೆಂದು ನಡೆದ ಉಪವಾಸದ ಕೊನೆಗೆ ಮಂತ್ರ ಹೇಳಿದರು. ರೇಣುಕೆಯ ಕತೆಯನ್ನು ಬಲ್ಲವರಿಗೆ ಈ ಸಂಗತಿ ಬರಿಯ ಚರಿತ್ರೆಯ ವಿವರವಾಗಿ ಉಳಿಯಲಾರದು.

ಇನ್ನು ಬಾವಿಯ ಕಾವಲಿನ ವಿಚಾರ. ಪುಣೆಯಲ್ಲಿಯೇ 1868ರಲ್ಲಿ ಜೋತಿರಾವ್ ಫುಲೆ ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆದಿದ್ದರು. ಅದಾಗಿ ಐವತ್ತೈದು ವರ್ಷಕ್ಕೆ, 1923ರಲ್ಲಿ, ಎಸ್.ಕೆ. ಬೋಲೆಯವರ ಠರಾವಿನಂತೆ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಬಾವಿ ಕೆರೆಗಳನ್ನು ಎಲ್ಲರಿಗೂ ತೆರೆಯಬೇಕೆಂದಿತು. ಮಹಾಡ ಎಂಬ ಊರಿನ ನಗರಸಭೆ ಅದನ್ನು ಒಪ್ಪಿಯೂ ಒಪ್ಪಿತು. ಕಾಗದದ ಮೇಲೆ ತೆರೆದ ಕೆರೆಗೆ ಇಳಿಯುವ ಧೈರ್ಯ ಯಾರಿಗೂ ಬರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದು ಹೋಗಿ ಆ ಊರಿನ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಅವರು ಹೋದಮೇಲೆ ಊರ ಮೇಲ್ಜಾತಿಯವರು 108 ಕೊಡ ನೀರನ್ನು ಎತ್ತಿ ತೆಗೆದು, ಸಗಣಿ, ಗಂಜಲ, ಹಾಲು, ಮೊಸರು ಹಾಕಿದ ಕೊಡಗಳನ್ನು ಕೆರೆಗೆ ಮುಳುಗಿಸಿ ಮಂತ್ರ ಹೇಳಿಸಿ ಶುದ್ಧಿ ಮಾಡಿದರು.

ದನ ಇಳಿಯುತ್ತಿದ್ದ ಕೆರೆ ಅದು. ಅನ್ಯಧರ್ಮದವರೂ ಬಳಸುತ್ತಿದ್ದ ಕೆರೆ. ಆಗ ಕೆಡದ ನೀರು ಈಗ ಹೇಗೆ ಕೆಟ್ಟಿತು? ಮೇಲ್ಜಾತಿಯವರು ಕೋರ್ಟಿಗೂ ಹೋದರು. ಅನಾದಿ ಕಾಲದಿಂದ ನಡೆದು ಬಂದ ರೂಢಿ ಎಂದು ವಾದಿಸಿದರು. ಹತ್ತು ವರ್ಷ ಎಳೆದ ಆ ವ್ಯಾಜ್ಯದಲ್ಲಿ, ಅಂಥ ಅನಾದಿ ರೂಢಿ ಸಾಬೀತಾಗಿಲ್ಲ ಎಂದು 1937ರ ಮಾರ್ಚ್‌ನಲ್ಲಿ ಮುಂಬಯಿ ಹೈಕೋರ್ಟು ಅಂಬೇಡ್ಕರ್ ಪರವಾಗಿ ತೀರ್ಪು ಕೊಟ್ಟಿತು. ತೀರ್ಪು ಕೊಟ್ಟವರಲ್ಲೊಬ್ಬರು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಕೊಟ್ಟವರೂ ಇವರೇ. ಆ ಶಿಕ್ಷೆಯನ್ನು ಗಾಂಧೀಜಿ ಅನುಭವಿಸಿದ್ದು ಇದೇ ಯೆರವಡಾದಲ್ಲಿ.

1932ರ ಉಪವಾಸದ ಆ ವಾರ ದೇಶದ ಹಲವೆಡೆ ಗುಡಿಗಳನ್ನು, ಬಾವಿಗಳನ್ನು ತೆರೆದ ಸುದ್ದಿಗಳು ಬಂದವು. ಬಿಸಿ ಆರಿದ ಮೇಲೆ ಅನೇಕ ಕಡೆ ಹಳೆಯ ಕಟ್ಟಳೆಯೇ ಮರಳಿತು. ನಮ್ಮ ಹಳ್ಳಿಗಳಲ್ಲಿ ಬಾವಿಕಟ್ಟೆಯ ಕೆಳಗೆ ಕೊಡವಿಟ್ಟು, ಮೇಲಿನವರು ಯಾರಾದರೂ ಬಂದು ಮೇಲಿಂದ ಸುರಿಯಲಿ ಎಂದು ಹೊತ್ತುಗಟ್ಟಲೆ ಕಾದ ಹೆಂಗಸರ ನೆನಪು ಇನ್ನೂ ಹಿರಿಯರಲ್ಲಿ ಬದುಕಿದೆ. ಗುಡಿಯ ತೀರ್ಥವನ್ನೂ ಹೀಗೆಯೇ ಎತ್ತರದಿಂದ ಬೊಗಸೆಗೆ ಬಿಡುತ್ತಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಜಾತಿಯ ಕಾರಣಕ್ಕೆ ಯಾರಿಗೂ ತಡೆಯೊಡ್ಡಬಾರದ ಜಾಗಗಳನ್ನು ಹೇಳುವಾಗ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಅದನ್ನು ರೂಪಿಸಿದವರು ಮಹಾಡದಲ್ಲಿ ನೀರು ಕುಡಿದವರು.

ಎಲ್ಲ ತೀರ್ಥಗಳೂ ಹೀಗೆ ಬೇಲಿ ಹಾಕಿಕೊಂಡಿರಲಿಲ್ಲ. ಬೀದರಿಗೆ ಹೋದರೆ ಇದಕ್ಕೆ ಸಾಕ್ಷಿ ಸಿಗುತ್ತದೆ. ಆ ಊರು ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ತೂತುತೂತಾದ ಕೆಂಪು ಜಂಬಿಟ್ಟಿಗೆ ಮಳೆನೀರನ್ನು ಹೀರಿಕೊಂಡು ಕೆಳಕ್ಕಿಳಿಸುತ್ತದೆ. ಅದರಡಿ ಇರುವುದು ದಖ್ಖನಿನ ಗಟ್ಟಿ ಕಪ್ಪು ಬಸಾಲ್ಟ್. ಅಲ್ಲಿಂದ ಮುಂದೆ ಇಳಿಯಲಾರದ ನೀರು ಅಡ್ಡಡ್ಡ ಹರಿದು ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಿಗಳು ಇದೇ ನೀರನ್ನು ನೆಲದಡಿಯ ಕಾಲುವೆಗಳಲ್ಲಿ ಊರಿಗೆ ಹರಿಸಿದರು. ಆ ಕರೇಜ್ ಇಂದಿಗೂ ಇದೆ. ಭೂಮಿಯ ಈ ಒಂದೇ ಗುಣ ಬೇರೆಬೇರೆ ಧರ್ಮಗಳಿಗೆ ಬೇರೆಬೇರೆ ಪವಾಡವಾಗಿ ಒದಗಿದೆ. ಪಾಪನಾಶ ಶಿವನ ಗುಡಿಯ ಹೊಂಡ ಇಂಥ ಝರಿಯದು. ಝರಣಿ ನರಸಿಂಹನ ಗುಹೆಯಲ್ಲಿ ಸುರಂಗದುದ್ದಕ್ಕೂ ಎದೆಮಟ್ಟದ ನೀರು. ಮಕ್ಕಳನ್ನು ಹೆಗಲಿಗೇರಿಸಿಕೊಂಡು, ನೆತ್ತಿಯ ಮೇಲೆ ಬಾವಲಿಗಳು ತೂಗುತ್ತಿರಲು, ಜನ ಕೊನೆಯ ಗೋಡೆಯ ಮೇಲಿನ ದೇವರವರೆಗೆ ನಡೆದು ಹೋಗುತ್ತಾರೆ. ನರಸಿಂಹ ಕೊಂದ ರಕ್ಕಸನೇ ನೀರಾಗಿ ಅವನ ಪಾದದಲ್ಲಿ ಹರಿಯುತ್ತಿದ್ದಾನೆ ಎಂದು ಸ್ಥಳಪುರಾಣ. ಸತ್ತ ವೈರಿಯನ್ನೂ ತೀರ್ಥ ಮಾಡಿಕೊಂಡ ಈ ಕಲ್ಪನೆ ನನಗೆ ತುಂಬ ಇಷ್ಟ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಗುರುದ್ವಾರ ನಾನಕ್ ಝೀರಾ ಸಾಹಿಬ್. ಹದಿನಾರನೇ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣಕ್ಕೆ ಬಂದ ಗುರು ನಾನಕರು ಬೀದರಿನ ಹೊರಗೆ ತಂಗಿದ್ದರಂತೆ. ಸುತ್ತ ಫಕೀರರ ನೆಲೆಗಳು. ಕುಡಿಯುವ ನೀರಿಗೆ ಬರ, ತೋಡಿದ ಬಾವಿಗಳೆಲ್ಲ ಉಪ್ಪು. ಜನ ಬಂದು ಕಷ್ಟ ಹೇಳಿಕೊಂಡಾಗ ನಾನಕರು ಕಾಲಿನಿಂದ ಒಂದು ಕಲ್ಲನ್ನು ಸರಿಸಿದರು, ಸಿಹಿನೀರು ಹರಿಯಿತು. ಕಲ್ಲು ಸರಿಸಿದ ಆ ಜಾಗದಲ್ಲಿ ಇಂದಿಗೂ ನೀರು ಹರಿದು ಅಮೃತಕುಂಡ ಸೇರುತ್ತದೆ. ಬಂದವರು ಯಾರೆಂದು ಕೇಳದೆ ನೀರಿಗೆ ಬಿಡುತ್ತಾರೆ, ಲಂಗರಿನಲ್ಲಿ ಊಟ ಬಡಿಸುತ್ತಾರೆ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನ ಕ್ಷೌರಿಕರ ಮನೆಯವರು. ಬಾಯಾರಿದವರು ಕೇಳಿದರು, ನೀರು ಬಂತು. ಝೀರಾದ ಕತೆಯಲ್ಲಿ ಶುದ್ಧ ಅಶುದ್ಧದ ಪ್ರಶ್ನೆಯೇ ಏಳುವುದಿಲ್ಲ.

ಅಷ್ಟಕ್ಕೂ ಈ ನೀರುಗಳಿಂದ ಕಾಯಿಲೆ ವಾಸಿಯಾಗುತ್ತದೆಯೇ? ಕೆಲವು ನೀರಿನಿಂದ ಒಂದಿಷ್ಟು ಉಪಶಮನ ಸಿಗುವುದುಂಟು. ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್‌ತೀರ್ಥ, ಠಾಣೆ ಜಿಲ್ಲೆಯ ವಜ್ರೇಶ್ವರಿ, ಗಣೇಶಪುರಿ, ಕೊಂಕಣದ ಉನ್ಹವರೆ ಇವೆಲ್ಲ ಬಿಸಿನೀರಿನ ಬುಗ್ಗೆಗಳು. ಮಳೆನೀರು ಬಂಡೆಯ ಬಿರುಕುಗಳಲ್ಲಿ ಬಹು ಆಳಕ್ಕಿಳಿದು, ಭೂಮಿಯ ಒಳಬಿಸಿಗೆ ಕಾದು, ಗಂಧಕವನ್ನೂ ಲವಣಗಳನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಕಾವು ಬಿಗಿದ ಸಂದುಗಳನ್ನು ಸಡಿಲಿಸುತ್ತದೆ, ಗಂಧಕ ಕಜ್ಜಿ ತುರಿಗಳನ್ನು ಸ್ವಲ್ಪಮಟ್ಟಿಗೆ ಹತ್ತಿಕ್ಕುತ್ತದೆ. ಕುಷ್ಠವನ್ನಂತೂ ಯಾವ ಬಾವಿಯೂ ಕಳೆಯದು. ಅದು ರೋಗಾಣುವಿನಿಂದ ಬರುವ ಕಾಯಿಲೆ ಎಂದು ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಕಂಡುಕೊಂಡರು. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಬಹುಔಷಧ ಚಿಕಿತ್ಸೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಅದನ್ನು ಪೂರ್ತಿ ಗುಣಪಡಿಸುತ್ತದೆ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡವರು ಜೋಗುಳಬಾವಿಗೆ ಹೋಗುವುದಾದರೆ ಹೋಗಲಿ. ಅದಕ್ಕೂ ಮೊದಲು ಆಸ್ಪತ್ರೆಗೆ ಹೋಗಲಿ.

ಸವದತ್ತಿಯ ನಂಬಿಕೆ ಹೆಣ್ಣುಮಕ್ಕಳ ಬಾಳನ್ನು ನುಂಗಿದ್ದನ್ನೂ ಮರೆಯುವಂತಿಲ್ಲ. ಕೂದಲು ಜಡೆಗಟ್ಟಿತೆಂದು, ವಾಸಿಯಾಗದ ಕಾಯಿಲೆ ಬಂತೆಂದು ಬಡ ದಲಿತ ಮನೆಗಳ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1982ರಲ್ಲಿ ಬಂತು. ಹಾಗೆ ಬಿಟ್ಟ ಹುಡುಗಿಯರಲ್ಲಿ ಎಷ್ಟೋ ಮಂದಿಯ ದಾರಿ ಮುಂಬಯಿ, ಪುಣೆಗಳ ಸೂಳೆಗೇರಿಗಳಿಗೆ ಹೋಗಿ ನಿಂತಿತ್ತು. ರೇಣುಕೆಯನ್ನು ಶಾಪದಿಂದ ಬಿಡಿಸಿದ ನೀರಿನ ದಂಡೆಯಲ್ಲಿಯೇ ಅವರನ್ನು ಕಟ್ಟಿಹಾಕಿದರು.

ನೀರಿನ ಚಿಕಿತ್ಸೆಯ ಮಾತು ಯೆರವಡಾಕ್ಕೂ ಸಲ್ಲುತ್ತದೆ. 1942ರ ಆಗಸ್ಟ್‌ನಿಂದ ಗಾಂಧೀಜಿ ಬಂದಿಯಾಗಿದ್ದ ಆಗಾ ಖಾನ್ ಅರಮನೆಯಲ್ಲಿ ಕುಳಿತು, ಅದೇ ವರ್ಷದ ಕೊನೆಯೊಳಗೆ, ‘ಆರೋಗ್ಯದ ಕೀಲಿಕೈ’ ಎಂಬ ಪುಟ್ಟ ಪುಸ್ತಕ ಬರೆದು ಮುಗಿಸಿದರು. ಮಣ್ಣು, ನೀರು, ಬಯಲು, ಬಿಸಿಲು, ಗಾಳಿಗಳಿಂದ ಮೈ ಕಾಪಾಡಿಕೊಳ್ಳುವ ಬಗೆ ಅದರಲ್ಲಿದೆ. ಜರ್ಮನಿಯ ಲೂಯಿ ಕೂನೆ ಹೇಳಿದ ಸೊಂಟದ ಸ್ನಾನವನ್ನು, ಅಂದರೆ ತೊಟ್ಟಿಯ ತಣ್ಣೀರಿನಲ್ಲಿ ಕುಳಿತು ಹೊಟ್ಟೆ ತಿಕ್ಕಿಕೊಳ್ಳುವುದನ್ನು, ಅವರು ಬಿಡಿಸಿ ವಿವರಿಸುತ್ತಾರೆ. ಕೊಳಕು ನೀರನ್ನು ಕುದಿಸಿಯೇ ಕುಡಿಯಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಅವರ ನೀರಿನ ನಂಬಿಕೆಯಲ್ಲಿ ಎಲ್ಲವೂ ಇಂದಿನ ವೈದ್ಯಕ್ಕೆ ಒಪ್ಪಿಗೆಯಾಗದು. ಆದರೆ ಅವರು ಹೇಳಿದ ನೀರಿಗೆ ಸ್ಥಳಪುರಾಣ ಬೇಕಾಗಿಲ್ಲ, ಯಾರ ಮನೆಯ ತೊಟ್ಟಿಯಾದರೂ ಸಾಕು.

ಕುದಿಸಿ ಎಂಬ ಆ ಎಚ್ಚರಿಕೆ ಎಷ್ಟು ಬೆಲೆಯದೆಂದು ಉತ್ತರ ಕರ್ನಾಟಕದ ಹಳಬರಿಗೆ ಗೊತ್ತು. ನಾರುಹುಣ್ಣು ಎಂಬ ಕಾಯಿಲೆಯ ಹೆಸರನ್ನು ಈಗಿನ ಮಕ್ಕಳು ಕೇಳಿರಲಾರರು. ಮೆಟ್ಟಿಲು ಬಾವಿಯ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಜಲಜೀವಿಯೊಂದಿರುತ್ತದೆ, ಅದರ ಹೊಟ್ಟೆಯಲ್ಲಿ ಹುಳದ ಮರಿ. ಕುಡಿದವರ ಮೈಯೊಳಗೆ ಅದು ಸುಮಾರು ಒಂದು ವರ್ಷ ಬೆಳೆದು, ಒಂದು ಮೀಟರ್‌ವರೆಗೂ ಉದ್ದವಾಗಿ, ಹೆಚ್ಚಾಗಿ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಹೊರಬರುತ್ತದೆ. ಬೆಂಕಿ ಇಟ್ಟಂಥ ಉರಿ. ಉರಿ ತಣಿಯಲೆಂದು ಆ ಮನುಷ್ಯ ಬಾವಿಯ ಮೆಟ್ಟಿಲಿಳಿದು ಕಾಲನ್ನು ನೀರಿನಲ್ಲಿಡುತ್ತಾನೆ. ಆ ಕ್ಷಣದಲ್ಲಿ ಹುಳ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ತನಗೆ ನೆಮ್ಮದಿ ಕೊಟ್ಟ ನೀರಿನಿಂದಲೇ ಅವನು, ತಿಳಿಯದೆ, ಊರಿಗೆಲ್ಲ ಕಾಯಿಲೆ ಹಂಚುತ್ತಾನೆ. ಇದಕ್ಕೆ ಲಸಿಕೆಯಿಲ್ಲ, ಔಷಧವಿಲ್ಲ. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದವರು ಹಳ್ಳಿಹಳ್ಳಿ ತಿರುಗಿ ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು, ಮೆಟ್ಟಿಲುಗಳನ್ನು ಮುಚ್ಚಿ ಕಟ್ಟೆ ಕಟ್ಟಿಸಿ ಸೇದುವ ಬಾವಿಗಳನ್ನಾಗಿ ಮಾಡಿಸಿದರು, ಕೈಪಂಪು ಹಾಕಿಸಿದರು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಬಾವಿಗಳ ಚರಿತ್ರೆಯಲ್ಲಿ ನಾನು ಬಲ್ಲ ಅತಿ ದೊಡ್ಡ ಗುಣಪಡಿಸುವಿಕೆ ಇದು. ಇದಕ್ಕೊಂದು ಗುಡಿ ಎಲ್ಲೂ ಎದ್ದಿಲ್ಲ.

ಈಗ ತೀರ್ಥಗಳಿಗೆ ಬಂದಿರುವ ಕಂಟಕ ಬೇರೆ ಬಗೆಯದು. ಒರತೆಯ ಬಾಯಿ ಗುಡಿಯೊಳಗಿದ್ದರೂ ಅದರ ಹೊಟ್ಟೆ ಸುತ್ತಲಿನ ಗುಡ್ಡ, ಹೊಲ, ಕಾಡುಗಳಲ್ಲಿದೆ. ಅಲ್ಲಿ ಕೊಳವೆಬಾವಿ ಕೊರೆದರೆ, ಬಡಾವಣೆ ಎದ್ದು ಮಳೆನೀರು ನೆಲಕ್ಕಿಳಿಯದಂತಾದರೆ, ಕುಂಡಕ್ಕೆ ಎಷ್ಟು ಅಮೃತಶಿಲೆ ಹೊದಿಸಿದರೂ ನೀರು ಬರದು. ಬೀದರಿನ ಜಂಬಿಟ್ಟಿಗೆಗೆ ಮಳೆ ಇಳಿದರೆ ಮಾತ್ರ ಝರಣಿ ಉಂಟು, ಝೀರಾ ಉಂಟು. ದೇವಸ್ಥಾನದ ಸಮಿತಿಗಳು ಗೋಪುರಕ್ಕೆ ಬಣ್ಣ ಹೊಡೆಸುವ ಹಣದಲ್ಲಿ ಒಂದಂಶವನ್ನು ಒರತೆಯ ಮೇಲುಗಡೆಯ ಜಮೀನು ಉಳಿಸುವುದಕ್ಕೆ ಇಡಬೇಕು. ಜಾತ್ರೆಗೆ ಹದಿನೈದು ದಿನ ಮುಂಚೆ ಹೊಂಡದ ನೀರನ್ನು ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಬಂದ ಫಲಿತಾಂಶವನ್ನು ಮೆಟ್ಟಿಲ ಬಳಿ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ, ಗಡಿಯ ಊರುಗಳಲ್ಲಿ ಕನ್ನಡ ಮರಾಠಿ ಎರಡರಲ್ಲೂ, ಬರೆಸಬೇಕು. ಅದರ ಪಕ್ಕದಲ್ಲೇ ಇನ್ನೊಂದು ಹಲಗೆಯ ಮೇಲೆ ಸಂವಿಧಾನದ 15ನೇ ವಿಧಿಯ ಆ ಸಾಲನ್ನೂ ಬರೆಸಬೇಕು.